ಗುಟ್ಟು ಯಾರಿಂದ?

ಕಂಪನಿಯ ಷೇರುಗಳನ್ನೆಲ್ಲ ಒಂದು ಟ್ರಸ್ಟಿಗೆ ಹಾಕಿಬಿಟ್ಟರೆ ಯಾರದು ಎಷ್ಟು ಪಾಲು ಅನ್ನುವುದು ಊರಿಗೆ ಗೊತ್ತಾಗುವುದಿಲ್ಲವಂತೆ, ಹೌದಾ ಮಾವಾ ಎಂದು ಕೇಳಿದ್ದೀಯ. ಹೌದು, ಊರಿಗೆ ಗೊತ್ತಾಗದ ಹಾಗೆ ಮಾಡಬಹುದು. ಸರ್ಕಾರಕ್ಕೆ ಗೊತ್ತಾಗುತ್ತದೆ, ಬ್ಯಾಂಕಿಗೆ ಗೊತ್ತಾಗುತ್ತದೆ, ಮನೆಯವರಿಗೆ ಗೊತ್ತಾಗಲೇಬೇಕು. ಈ ಮೂರರ ವ್ಯತ್ಯಾಸ ತಿಳಿಯದೆ ಟ್ರಸ್ಟ್ ಮಾಡಿಸಿಕೊಂಡವರ ಕಾಗದಪತ್ರ ಬಿಚ್ಚಿ ನೋಡುತ್ತಲೇ ನನ್ನ ಆಡಿಟರ್ ಕೆಲಸದ ಅರ್ಧ ಆಯಸ್ಸು ಕಳೆಯಿತು. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿಸಿಕೊಳ್ಳುತ್ತೀಯ, ಅಷ್ಟರಲ್ಲಿ ಮಿಲ್ಲಿನಿಂದ ಇನ್ನೊಂದು ಫೋನು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಸಾವಕಾಶವಾಗಿ ಓದು.

ಆಸ್ತಿಯ ವಿವರ ಬೀದಿಗೆ ಬೀಳಬಾರದು ಎಂದು ಬಯಸುವುದರಲ್ಲಿ ತಪ್ಪೇನಿಲ್ಲ. ನಮ್ಮ ಹಿರಿಯರು ಗದ್ದೆಯ ಇಳುವರಿಯನ್ನೇ ಪಕ್ಕದವರಿಗೆ ಸರಿಯಾಗಿ ಹೇಳುತ್ತಿರಲಿಲ್ಲ. ಗಣೇಶನ ಚಂದಾದವರಿಂದ ಹಿಡಿದು ಚುನಾವಣೆಗೆ ನಿಂತವರ ತನಕ ಮಿಲ್ಲಿನ ಮಾಲೀಕನ ಬಾಗಿಲು ತಟ್ಟದವರಿಲ್ಲ. ಹೆಣ್ಣು ಕೇಳಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ಅವಳ ಪಾಲಿನ ಲೆಕ್ಕ ನೋಡುವ ಕಾಲ ಇದು. ಎದುರಾಳಿ ವ್ಯಾಪಾರಿಗೆ ನಿಮ್ಮಲ್ಲಿ ಯಾರ ಕೈ ಮೇಲು, ಯಾರನ್ನು ಮಾತಾಡಿಸಿದರೆ ಬಿರುಕು ಹುಟ್ಟಿಸಬಹುದು ಎಂಬುದೂ ಬೇಕಾದ ಮಾಹಿತಿಯೇ. ಇವರಿಂದೆಲ್ಲ ಮರೆ ಬೇಕೆನ್ನುವುದು ಸರಿ.

ಈಗ ನಿಮ್ಮ ಮನೆಯ ಗುಟ್ಟು ಎಷ್ಟು ಬಯಲಲ್ಲಿದೆ ಎಂಬುದನ್ನು ಮೊದಲು ತಿಳಿದುಕೋ. ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ. ವರ್ಷವರ್ಷ ಕಂಪನಿ ರಿಜಿಸ್ಟ್ರಾರಿಗೆ ವಾರ್ಷಿಕ ವಿವರಪಟ್ಟಿ ಸಲ್ಲಿಸುತ್ತೀರಲ್ಲ, ಅದಕ್ಕೆ ಷೇರುದಾರರ ಹೆಸರಿನ ಪಟ್ಟಿಯೂ ಅಂಟಿಕೊಂಡಿರುತ್ತದೆ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಶುಲ್ಕ ಕಟ್ಟಿದ ಯಾರೇ ಆಗಲಿ ಅದನ್ನು ತೆರೆದು ನೋಡಬಹುದು. ನಿರ್ದೇಶಕರು ಯಾರು, ಯಾವ ಬ್ಯಾಂಕಿಗೆ ಎಷ್ಟು ಅಡಮಾನ ಇಟ್ಟಿದ್ದೀರಿ ಎಂಬುದೂ ಅಲ್ಲೇ ಸಿಗುತ್ತದೆ. ಎಪಿಎಂಸಿಯಲ್ಲಿರುವ ನಿಮ್ಮ ಹಳೆಯ ಮಂಡಿ ಇನ್ನೂ ಪಾಲುದಾರಿಕೆ ಸಂಸ್ಥೆಯಾಗಿಯೇ ನಡೆಯುತ್ತಿದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ನೋಂದಾಯಿತ ಸಂಸ್ಥೆಗಳ ರಿಜಿಸ್ಟರನ್ನೂ ಯಾರು ಬೇಕಾದರೂ ಶುಲ್ಕ ಕೊಟ್ಟು ನೋಡಬಹುದು. ಹೀಗಾಗಿ ಟೀ ಅಂಗಡಿಯಲ್ಲಿ ಕೂತು ಯಾರಾದರೂ ನಿಮ್ಮಪ್ಪನ ಷೇರು ಎಷ್ಟು, ನಿನ್ನದು ಎಷ್ಟು ಎಂದು ಹೇಳಿದರೆ ಆಶ್ಚರ್ಯಪಡಬೇಡ. ಕಾನೂನೇ ಅದನ್ನು ತೆರೆದಿಟ್ಟಿದೆ.

ಇದರಿಂದ ತಪ್ಪಿಸಿಕೊಳ್ಳಲು ನಮ್ಮಲ್ಲಿ ಒಂದು ಹಳೇ ಉಪಾಯವಿತ್ತು. ಡ್ರೈವರಿನ ಹೆಸರಿನಲ್ಲಿ ಸೈಟು, ಗುಮಾಸ್ತನ ಹೆಸರಿನಲ್ಲಿ ಷೇರು, ದೂರದ ನೆಂಟನ ಹೆಸರಿನಲ್ಲಿ ಗೋದಾಮು. ಇದರ ಹೆಸರೇ ಬೇನಾಮಿ, ಹತ್ತಿರವೂ ಸುಳಿಯಬೇಡ. 1988ರ ಬೇನಾಮಿ ಕಾಯ್ದೆಗೆ 2016ರಲ್ಲಿ ಹಲ್ಲು ಬಂತು. ಈಗ ಒಂದರಿಂದ ಏಳು ವರ್ಷದ ಕಠಿಣ ಸಜೆ, ಆಸ್ತಿಯ ಮಾರುಕಟ್ಟೆ ಬೆಲೆಯ ಶೇಕಡಾ 25ರವರೆಗೆ ದಂಡ, ಅದರ ಮೇಲೆ ಆಸ್ತಿಯೇ ಮುಟ್ಟುಗೋಲು. ಸರ್ಕಾರದ ಕಣ್ಣಿಗೆ ಬೀಳದಿದ್ದರೂ ಕಷ್ಟ ತಪ್ಪಿದ್ದಲ್ಲ. ನಾಳೆ ಆ ಗುಮಾಸ್ತ ತೀರಿಕೊಂಡು ಅವನ ಮಕ್ಕಳು ಇದು ನಮ್ಮಪ್ಪನದೇ ಎಂದು ಕೂತರೆ, ಅಲ್ಲ ನನ್ನದು ಎಂದು ದಾವೆ ಹೂಡುವ ಹಕ್ಕನ್ನೂ ಆ ಕಾಯ್ದೆ ಕಿತ್ತುಕೊಂಡಿದೆ. ಟ್ರಸ್ಟಿಯಾಗಿ ಇನ್ನೊಬ್ಬರ ಹಿತಕ್ಕೆ ಆಸ್ತಿ ಹಿಡಿದಿರುವವನನ್ನು ಅದೇ ಕಾಯ್ದೆ ಬೇನಾಮಿ ಎಂದು ಕರೆಯುವುದಿಲ್ಲ. ಮರೆ ಬೇಕಿದ್ದವರಿಗೆ ಕಾನೂನು ಬಿಟ್ಟುಕೊಟ್ಟ ಬಾಗಿಲು ಇದೇ.

ಖಾಸಗಿ ಟ್ರಸ್ಟಿಗೆ ಮೂಲ 1882ರ ಭಾರತೀಯ ನ್ಯಾಸ ಕಾಯ್ದೆ. ಬ್ರಿಟಿಷರ ಕಾಲದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ನಿಮ್ಮಪ್ಪ ಟ್ರಸ್ಟ್ ಮಾಡುವವರು. ಷೇರುಗಳನ್ನು ಟ್ರಸ್ಟಿಗಳ ಕೈಗೆ ಒಪ್ಪಿಸುತ್ತಾರೆ. ಟ್ರಸ್ಟಿಗಳು ಅದನ್ನು ಅಮ್ಮ, ನೀನು, ನಿನ್ನ ತಂಗಿ, ಮುಂದೆ ಮೊಮ್ಮಕ್ಕಳು, ಹೀಗೆ ಫಲಾನುಭವಿಗಳ ಸಲುವಾಗಿ ನೋಡಿಕೊಳ್ಳುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಕಂಪನಿ ಒಬ್ಬ ವ್ಯಕ್ತಿ ಇದ್ದ ಹಾಗೆ, ಟ್ರಸ್ಟ್ ಹಾಗಲ್ಲ. ಅದರ ಕೆಲಸವೆಲ್ಲ ಟ್ರಸ್ಟಿಗಳ ಹೆಸರಿನಲ್ಲೇ ನಡೆಯಬೇಕು. ಆದ್ದರಿಂದ ಆ 100 ರೂಪಾಯಿ ಕಟ್ಟಿ ನೋಡಿದವನ ಕಣ್ಣಿಗೆ ಬೀಳುವುದು ಟ್ರಸ್ಟಿಗಳ ಹೆಸರು. ಯಾರಿಗೆ ಎಷ್ಟು, ಯಾವಾಗ, ಯಾವ ಷರತ್ತಿನ ಮೇಲೆ ಎಂಬುದೆಲ್ಲ ಟ್ರಸ್ಟ್ ಪತ್ರದೊಳಗೆ ಉಳಿಯುತ್ತದೆ.

ಆ ಪತ್ರ ಎಲ್ಲಿರುತ್ತದೆ ಎಂಬುದು ಮುಖ್ಯ, ಇದನ್ನು ಬಹಳ ವಕೀಲರೂ ಬಿಡಿಸಿ ಹೇಳುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಎಲ್ಲ ಪತ್ರಗಳೂ ಒಂದೇ ಪುಸ್ತಕಕ್ಕೆ ಹೋಗುವುದಿಲ್ಲ. ಜಮೀನು, ಕಟ್ಟಡಕ್ಕೆ ಸಂಬಂಧಿಸಿದ ಪತ್ರಗಳು ಒಂದನೇ ಪುಸ್ತಕಕ್ಕೆ. ಉಯಿಲುಗಳು ಮೂರನೆಯದಕ್ಕೆ. ಸ್ಥಿರಾಸ್ತಿಗೆ ಸಂಬಂಧವಿಲ್ಲದ ಉಳಿದ ಪತ್ರಗಳು ನಾಲ್ಕನೆಯದಕ್ಕೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದನೇ ಪುಸ್ತಕವನ್ನು ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ನಾಲ್ಕನೇ ಪುಸ್ತಕದ ನಕಲು ಮಾತ್ರ ಪತ್ರ ಬರೆದುಕೊಟ್ಟವರಿಗೆ, ಅದರಡಿ ಹಕ್ಕು ಹೇಳುವವರಿಗೆ ಅಥವಾ ಅವರ ಪ್ರತಿನಿಧಿಗೆ. ಬರೀ ಷೇರುಗಳ ಟ್ರಸ್ಟ್ ಪತ್ರವನ್ನು ನೋಂದಣಿ ಮಾಡಿಸಲೇಬೇಕು ಎಂದೂ ಇಲ್ಲ. ಮಾಡಿಸಿದರೆ ಅದು ನಾಲ್ಕನೇ ಪುಸ್ತಕದಲ್ಲಿ ತಣ್ಣಗೆ ಕೂತಿರುತ್ತದೆ. ಮಾಡಿಸುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ನಾಳೆ ಸಹಿಯೇ ಸುಳ್ಳು ಎಂದು ಹೇಳುವ ಬಾಯಿಗೆ ಬೀಗ ಬೀಳುತ್ತದೆ.

ಅದೇ ಪತ್ರದಲ್ಲಿ ಮಿಲ್ಲಿನ ಜಾಗವನ್ನೋ ದಾವಣಗೆರೆಯ ಮನೆಯನ್ನೋ ಸೇರಿಸಿದೆ ಎಂದುಕೋ. ಆಗ ನೋಂದಣಿ ಕಡ್ಡಾಯ, ಇಡೀ ಪತ್ರ ಒಂದನೇ ಪುಸ್ತಕಕ್ಕೆ ಹೋಗುತ್ತದೆ, ಋಣಭಾರ ಪತ್ರ ತೆಗೆಸಿದವನಿಗೆಲ್ಲ ಅದರ ಸುಳಿವು ಸಿಗುತ್ತದೆ. ಈಗಂತೂ ಕಾವೇರಿ ಪೋರ್ಟಲ್ಲಿನಲ್ಲಿ ಮನೆಯಲ್ಲೇ ಕೂತು ಋಣಭಾರ ಪತ್ರ ತೆಗೆಯುತ್ತಾರೆ. ಪಹಣಿಯೂ ಹಾಗೆಯೇ, ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿದರೆ ಸಾಕು. ನೆಲವನ್ನು ಬಚ್ಚಿಡಲು ನಮ್ಮ ರಾಜ್ಯದಲ್ಲಿ ದಾರಿಯಿಲ್ಲ, ಇರಬೇಕಾಗಿಯೂ ಇಲ್ಲ. ಅದಕ್ಕೆ ಹೇಳುವುದು: ಷೇರಿಗೆ ಒಂದು ಪತ್ರ, ನೆಲಕ್ಕೆ ಬೇರೆ ಏರ್ಪಾಡು. ಮಿಲ್ಲಿನ ಜಾಗ ಕಂಪನಿಯ ಹೆಸರಿನಲ್ಲೇ ಇರಲಿ, ಟ್ರಸ್ಟ್ ಕಂಪನಿಯ ಷೇರುಗಳನ್ನಷ್ಟೇ ಹಿಡಿದಿರಲಿ. ನಿಮ್ಮಪ್ಪನ ಸ್ವಂತ ಹೆಸರಿನಲ್ಲಿರುವ ಮನೆ, ತೋಟ ಉಯಿಲಿನಲ್ಲಿ ಹೋಗಲಿ. ನೆಲವನ್ನು ಟ್ರಸ್ಟಿಗೆ ವರ್ಗಾಯಿಸುವಾಗ ಸ್ಟಾಂಪ್ ಶುಲ್ಕದ ಲೆಕ್ಕ ಅಪ್ಪ ಮಗನಿಗೆ ದಾನಪತ್ರ ಮಾಡಿದ ಹಾಗೆ ಇರುವುದಿಲ್ಲ, ಅದನ್ನೂ ಮೊದಲೇ ಕೇಳಿಕೋ.

ಇನ್ನು ಸರ್ಕಾರ. ಕಂಪನಿ ಕಾಯ್ದೆಯ 90ನೇ ಕಲಮು ಮತ್ತು 2018ರಲ್ಲಿ ಬಂದು 2019ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ, ಷೇರುಪಟ್ಟಿಯಲ್ಲಿ ಯಾರ ಹೆಸರೇ ಇರಲಿ, ಅದರ ಹಿಂದೆ ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚಿನ ನಿಜವಾದ ಹಿತ ಯಾರದು ಎಂದು ಕಂಪನಿ ರಿಜಿಸ್ಟ್ರಾರಿಗೆ ತಿಳಿಸಬೇಕು. ಬೆನ್-1, ಬೆನ್-2 ಎಂಬ ನಮೂನೆಗಳು ಅದಕ್ಕೇ ಇರುವುದು. ಟ್ರಸ್ಟಿನ ವಿಷಯದಲ್ಲಿ ಯಾರ ಹೆಸರು ಕೊಡಬೇಕು ಎಂಬುದು ಟ್ರಸ್ಟಿನ ಜಾತಿಯ ಮೇಲೆ ನಿಂತಿದೆ. ಪತ್ರದಲ್ಲೇ ಇವನಿಗೆ ಇಷ್ಟು, ಅವಳಿಗೆ ಇಷ್ಟು ಎಂದು ಪಾಲು ಗೊತ್ತುಮಾಡಿದ್ದರೆ ಆ ಫಲಾನುಭವಿಯ ಹೆಸರು. ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಟ್ರಸ್ಟಿಗಳ ವಿವೇಚನೆಗೆ ಬಿಟ್ಟಿದ್ದರೆ ಟ್ರಸ್ಟಿಯ ಹೆಸರು. ಬೇಕಾದಾಗ ವಾಪಸು ಪಡೆಯುವ ಟ್ರಸ್ಟ್ ಆದರೆ ಅದನ್ನು ಮಾಡಿದವರ ಹೆಸರು, ಅಂದರೆ ಮತ್ತೆ ನಿಮ್ಮಪ್ಪ. ಎಲ್‌ಎಲ್‌ಪಿ ಮಾಡಿಕೊಂಡರೆ ಇದು ತಪ್ಪುತ್ತದೆ ಎಂದು ನಿನಗೆ ಯಾರೋ ಹೇಳಿದ್ದಾರಂತಲ್ಲ, 2023ರ ನವೆಂಬರಿನಿಂದ ಎಲ್‌ಎಲ್‌ಪಿಗಳಿಗೂ ಇದೇ ಬಗೆಯ ನಿಯಮ ಬಂದಿದೆ ಎಂದು ಅವರಿಗೆ ತಿಳಿಸು.

ಸಣ್ಣ ಊರಿನ ಕಂಪನಿಯನ್ನು ಯಾರು ಕೇಳುತ್ತಾರೆ ಎಂಬ ಧೈರ್ಯ ಬೇಡ. 2024ರ ಮೇ ತಿಂಗಳಲ್ಲಿ ದಿಲ್ಲಿಯ ಕಂಪನಿ ರಿಜಿಸ್ಟ್ರಾರ್ ಇದೇ ಕಲಮಿನಡಿ ಲಿಂಕ್ಡ್‌ಇನ್ ಇಂಡಿಯಾಕ್ಕೂ ಮೈಕ್ರೋಸಾಫ್ಟಿನ ಮುಖ್ಯಸ್ಥ ಸತ್ಯ ನಾದೆಲ್ಲ ಅವರಿಗೂ ದಂಡ ಹಾಕಿದರು. ಅಷ್ಟು ಎತ್ತರಕ್ಕೆ ಕೈ ಚಾಚುವವರಿಗೆ ಹರಿಹರದ ರಸ್ತೆಯ ಅಕ್ಕಿ ಮಿಲ್ಲು ದೂರವಲ್ಲ. ರಿಜಿಸ್ಟ್ರಾರರ ಕಡತಕ್ಕೆ ಹೋದ ಕಾಗದ ಹೊರಗೆ ಬರುವುದೇ ಇಲ್ಲ ಎಂದು ನಂಬಿ ಯೋಜನೆ ಹಾಕಬೇಡ. ಬ್ಯಾಂಕಿನವರಂತೂ ಟ್ರಸ್ಟಿನ ಖಾತೆ ತೆರೆಯುವ ಮೊದಲು ಮಾಡಿದವರು ಯಾರು, ಟ್ರಸ್ಟಿಗಳು ಯಾರು, ಶೇಕಡಾ 10 ಅಥವಾ ಹೆಚ್ಚಿನ ಹಿತ ಇರುವವರು ಯಾರು ಎಂದು ಕೇಳಿಯೇ ಕೇಳುತ್ತಾರೆ. ಮೊದಲು ಈ ಮಿತಿ 15 ಇತ್ತು, 2023ರಲ್ಲಿ 10ಕ್ಕೆ ಇಳಿಸಿದರು. ಅವರಿಗೆ ಪತ್ರದ ನಕಲು ಕೊಡುವುದಕ್ಕೆ ಹಿಂದೆಮುಂದೆ ನೋಡಬೇಡ.

ತೆರಿಗೆಯ ಮಾತು ಬೇಗ ಮುಗಿಸುತ್ತೇನೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಯೆಲ್ಲ ಬದಲಾಗಿದೆ, ಹಾಗಾಗಿ ನನ್ನ ಬಾಯಲ್ಲಿರುವ ಹಳೇ ಸಂಖ್ಯೆಗಳನ್ನು ಹೇಳಿ ನಿನ್ನ ತಲೆ ಕೆಡಿಸುವುದಿಲ್ಲ. ವಿವೇಚನೆಗೆ ಬಿಟ್ಟ ಟ್ರಸ್ಟಿನ ಆದಾಯಕ್ಕೆ ಸಾಮಾನ್ಯವಾಗಿ ಅತಿ ಹೆಚ್ಚಿನ ದರ. ಪಾಲು ಗೊತ್ತುಮಾಡಿದ್ದರೆ, ವ್ಯಾಪಾರದ ಆದಾಯವನ್ನು ಬಿಟ್ಟು, ಫಲಾನುಭವಿಯ ಲೆಕ್ಕದ ದರ. ವಾಪಸು ಪಡೆಯಬಹುದಾದದ್ದಕ್ಕೆ ಮಾಡಿದವರ ತಲೆಗೇ. ಮರೆ ಹೆಚ್ಚಾದಷ್ಟೂ ತೆರಿಗೆಯೂ ಹೆಚ್ಚು ಎಂದು ಸ್ಥೂಲವಾಗಿ ಹೇಳಬಹುದು, ಅದು ಸರ್ಕಾರ ಗೊತ್ತಿದ್ದೇ ಇಟ್ಟ ಬೆಲೆ. ನಿಮ್ಮಪ್ಪನ ಸಂಬಂಧಿಕರ ಹಿತಕ್ಕೆ ಮಾತ್ರ ಎಂದು ಮಾಡಿದ ಟ್ರಸ್ಟಿಗೆ ಷೇರು ಬಂದರೆ ಅದನ್ನು ಆದಾಯವೆಂದು ಎಣಿಸುವುದಿಲ್ಲ. ಪ್ರೀತಿಗೆ ಹಳೇ ಮ್ಯಾನೇಜರನ್ನೋ ಸ್ನೇಹಿತನ ಮಗನನ್ನೋ ಅದರಲ್ಲಿ ಸೇರಿಸಿದರೆ ಆ ವಿನಾಯಿತಿ ಕೈಬಿಟ್ಟೀತು. ಅವರಿಗೆ ಕೊಡುವುದಿದ್ದರೆ ಬೇರೆ ಕೊಡಿ.

ಅಂದ ಹಾಗೆ, ಉತ್ತರಾಧಿಕಾರ ತೆರಿಗೆ ಮತ್ತೆ ಬರುತ್ತದೆ, ಈಗಲೇ ಟ್ರಸ್ಟ್ ಮಾಡಿ ಎಂದು ಹೆದರಿಸಿ ವ್ಯಾಪಾರ ಕುದುರಿಸುವವರಿದ್ದಾರೆ. 1953ರಲ್ಲಿ ಬಂದ ಎಸ್ಟೇಟ್ ಡ್ಯೂಟಿ ಒಂದು ಕಾಲದಲ್ಲಿ ಶೇಕಡಾ 85ರ ತನಕ ಏರಿತ್ತು. 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಮಂತ್ರಿಯಾಗಿದ್ದಾಗ ತೆಗೆದುಹಾಕಿದರು. ಆಮೇಲಿಂದ ಬಜೆಟ್ಟಿನ ಹಿಂದಿನ ತಿಂಗಳು ಬಂತು ಬಂತು ಎನ್ನುವುದು, ಆಮೇಲೆ ಬರಲಿಲ್ಲ ಎನ್ನುವುದು ನಡೆದೇ ಇದೆ. ಗಾಳಿಸುದ್ದಿಗೆ ಹೆದರಿ ಮನೆಯ ವ್ಯವಸ್ಥೆ ಬದಲಿಸಬೇಡ.

ಇನ್ನು ನಾನು ಪದೇಪದೇ ಕಂಡ ತಪ್ಪು. ದೊಡ್ಡ ಊರಿನ ವಕೀಲರ ಹತ್ತಿರ ಅರವತ್ತು ಪುಟದ ಪತ್ರ ಬರೆಸುತ್ತಾರೆ, ಪೂಜೆ ಮಾಡಿ ಸಹಿ ಹಾಕುತ್ತಾರೆ, ಬೀರುವಿನಲ್ಲಿಟ್ಟು ಮರೆಯುತ್ತಾರೆ. ಷೇರು ವರ್ಗಾವಣೆಯ ನಮೂನೆ ತುಂಬಿಲ್ಲ, ಕಂಪನಿಯ ಮಂಡಳಿಯಲ್ಲಿ ನಿರ್ಣಯವಾಗಿಲ್ಲ, ಸದಸ್ಯರ ರಿಜಿಸ್ಟರಿನಲ್ಲಿ ಹೆಸರು ಬದಲಾಗಿಲ್ಲ. ಅಂಥ ಟ್ರಸ್ಟ್ ಭತ್ತವಿಲ್ಲದ ಗೋದಾಮು. ಆಸ್ತಿಯನ್ನು ಟ್ರಸ್ಟಿಗೆ ವರ್ಗಾಯಿಸಿದರೇ ಟ್ರಸ್ಟ್ ಹುಟ್ಟುವುದು ಎಂದು 1882ರ ಕಾಯ್ದೆಯ 6ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಉಯಿಲಿನ ಮೂಲಕ ಮಾಡಿದ್ದು, ಮಾಡಿದವನೇ ಟ್ರಸ್ಟಿಯಾಗಿರುವುದು, ಇವೆರಡೇ ಇದಕ್ಕೆ ಹೊರತು. ವರ್ಗಾಯಿಸುವ ಮೊದಲು ಬ್ಯಾಂಕಿನ ಸಾಲದ ಕರಾರು ತೆಗೆದು ಓದು. ಷೇರು ಕೈ ಬದಲಾಗಬೇಕಾದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಬೇಕು ಎಂಬ ಸಾಲು ಅದರಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಟ್ರಸ್ಟಿ ಯಾರಾಗಬೇಕು? ನಿಮ್ಮಪ್ಪ ಒಬ್ಬರೇ ಆಗಿ, ಎಲ್ಲ ಅಧಿಕಾರವನ್ನೂ ತಮ್ಮ ಮುಷ್ಟಿಯಲ್ಲೇ ಇಟ್ಟುಕೊಂಡರೆ ನಾಳೆ ಯಾವ ನ್ಯಾಯಾಧೀಶರೂ ಅದನ್ನು ನಿಜವಾದ ಟ್ರಸ್ಟ್ ಎಂದು ಸುಲಭವಾಗಿ ಒಪ್ಪುವುದಿಲ್ಲ. ಅಪ್ಪ, ನೀನು, ಮನೆಯ ಹೊರಗಿನ ಒಬ್ಬರು, ಹೀಗೆ ಮೂವರಿರಲಿ. ಹೊರಗಿನವರು ವ್ಯಾಪಾರ ಬಲ್ಲವರಾಗಿರಲಿ, ನಿಮ್ಮಿಂದ ಸಾಲ ಪಡೆದವರಾಗಿರಬಾರದು. ಪತ್ರದಲ್ಲಿ ಬರೆಯದಿದ್ದರೆ ಟ್ರಸ್ಟಿಗಳೆಲ್ಲರೂ ಒಟ್ಟಿಗೆ ಸೇರಿಯೇ ತೀರ್ಮಾನ ಮಾಡಬೇಕಾಗುತ್ತದೆ, ಒಬ್ಬರು ಮುನಿದರೂ ಕೆಲಸ ನಿಲ್ಲುತ್ತದೆ. ಬಹುಮತದ ಮಾತು ನಡೆಯುತ್ತದೆ ಎಂದು ಬರೆಸು. ಒಬ್ಬರು ತೀರಿಕೊಂಡರೆ ಮುಂದಿನವರನ್ನು ಯಾರು ಆರಿಸಬೇಕು ಎಂದೂ ಬರೆಸು. ನಿಮ್ಮಪ್ಪ ಭಾವನಾತ್ಮಕ ಮನುಷ್ಯ, ಶಾಸನಗಳಲ್ಲಿ ಕೆತ್ತಿಸುತ್ತಿದ್ದ ಹಾಗೆ ಆಚಂದ್ರಾರ್ಕ ನಡೆಯಲಿ ಎಂದು ಬರೆಸಲು ಹೊರಟಾರು. ಖಾಸಗಿ ಟ್ರಸ್ಟಿಗೆ ಆ ಭಾಗ್ಯವಿಲ್ಲ. ಈಗ ಬದುಕಿರುವವರ ಜೀವಮಾನ, ಅದರ ಮೇಲೆ ಮುಂದಿನ ಮಗು ವಯಸ್ಕನಾಗುವ ತನಕ, ಅಷ್ಟರೊಳಗೆ ಆಸ್ತಿ ಯಾರಿಗಾದರೂ ಸೇರಲೇಬೇಕು ಎಂದು ಕಾನೂನು.

ಸಾಲದವರಿಂದ ತಪ್ಪಿಸಿಕೊಳ್ಳಲು ಟ್ರಸ್ಟ್ ಮಾಡುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಕಾನೂನಿಗೂ ಒಪ್ಪಿಗೆಯಿಲ್ಲ. ಸಾಲ ಕೊಟ್ಟವರಿಗೆ ಮೋಸ ಮಾಡುವ ಉದ್ದೇಶದ ವರ್ಗಾವಣೆಯನ್ನು ಕೋರ್ಟು ಹಿಂದಕ್ಕೆ ತಿರುಗಿಸಬಹುದು. ನೀನೂ ಅಪ್ಪನೂ ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟಿದ್ದೀರಿ. 2019ರ ಡಿಸೆಂಬರಿನಿಂದ ಕಂಪನಿಯ ಸಾಲಕ್ಕೆ ಜಾಮೀನು ನಿಂತವರ ಮೇಲೂ ದಿವಾಳಿ ಸಂಹಿತೆಯಡಿ ಕ್ರಮ ನಡೆಯುತ್ತದೆ. ಕಂತು ಸರಿಯಾಗಿ ಹೋಗುತ್ತಿರುವಾಗ, ಮಿಲ್ಲು ಲಾಭದಲ್ಲಿರುವಾಗ, ಈಗ ಇರುವ ಹಾಗೆ ಇರುವಾಗಲೇ ಮಾಡಿದ ಟ್ರಸ್ಟ್ ನಿಲ್ಲುತ್ತದೆ. ನೋಟಿಸು ಬಂದ ಮೇಲೆ ಮಾಡಿದ್ದು ನಿಲ್ಲುವುದಿಲ್ಲ.

ನ್ಯೂಜೆರ್ಸಿಯಲ್ಲಿರುವ ನಿನ್ನ ತಂಗಿ, ನಮ್ಮಲ್ಲಿ ಎಲ್ಲರೂ ಲಿವಿಂಗ್ ಟ್ರಸ್ಟ್ ಮಾಡುತ್ತಾರೆ, ಬೇಕಾದಾಗ ಬದಲಿಸಬಹುದು, ಅದನ್ನೇ ಅಲ್ಲೂ ಮಾಡಿ ಎಂದಳಂತೆ. ಅಲ್ಲಿ ಅದಕ್ಕೆ ಅರ್ಥವಿದೆ. ಸತ್ತ ಮೇಲೆ ಉಯಿಲು ಪ್ರೊಬೇಟ್ ಕೋರ್ಟಿಗೆ ಹೋಗಿ ಎಲ್ಲರ ಕಣ್ಣಿಗೆ ಬೀಳುತ್ತದೆ, ಖರ್ಚೂ ಇದೆ, ಅದನ್ನು ತಪ್ಪಿಸಲು ಅಲ್ಲಿನವರು ಆ ದಾರಿ ಹಿಡಿಯುತ್ತಾರೆ. ಇಲ್ಲಿ ವಾಪಸು ಪಡೆಯುವ ಟ್ರಸ್ಟ್ ಮಾಡಿದರೆ ತೆರಿಗೆ ಅಪ್ಪನಿಗೇ, ರಿಜಿಸ್ಟ್ರಾರಿಗೆ ಕೊಡುವ ಹೆಸರೂ ಅಪ್ಪನದೇ ಎಂದು ಆಗಲೇ ಹೇಳಿದೆ. ಬಂದ ಲಾಭ ಅಷ್ಟರಲ್ಲೇ ಇದೆ. ಇನ್ನೊಂದು, ಅವಳು ಅಲ್ಲಿನ ತೆರಿಗೆದಾರಳು. ನಮ್ಮ ದೇಶದ ಟ್ರಸ್ಟಿನಿಂದ ಅವಳಿಗೆ ಹಣ ಬಂದರೆ ಅಲ್ಲಿನ ತೆರಿಗೆ ಇಲಾಖೆಗೆ 3520ನೇ ನಮೂನೆಯಲ್ಲಿ ತಿಳಿಸಬೇಕು, ಮರೆತರೆ ದಂಡ ಭಾರಿ. ಅವಳನ್ನು ಫಲಾನುಭವಿ ಮಾಡುವ ಮೊದಲು ಅಲ್ಲಿನ ಒಬ್ಬ ಲೆಕ್ಕಪರಿಶೋಧಕರನ್ನು ಅವಳೇ ಕೇಳಲಿ. ಅವಳು ದೂರದಲ್ಲಿದ್ದಾಳೆ, ತೊಡಕು ಬೇಡ ಎಂದು ಅವಳನ್ನೇ ಬಿಟ್ಟುಬಿಡುವ ಯೋಚನೆ ನಿನಗೆ ಬಂದಿದ್ದರೆ, ಮುಂದಿನ ಮಾತನ್ನು ಎರಡು ಸಲ ಓದು.

ಆ ಷೇರುಗಳು ಅಪ್ಪನ ಸ್ವಯಾರ್ಜಿತವೋ, ಅಜ್ಜನ ಆಸ್ತಿ ಮಾರಿ ಬಂದ ದುಡ್ಡಿನಿಂದ ಕೊಂಡದ್ದೋ? ಎರಡನೆಯದಾದರೆ ಅದು ಅಪ್ಪನೊಬ್ಬರೇ ಟ್ರಸ್ಟಿಗೆ ಹಾಕುವ ಆಸ್ತಿಯಲ್ಲ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಈ ವಿಷಯದಲ್ಲಿ ನಮ್ಮ ಕರ್ನಾಟಕ ದೇಶಕ್ಕಿಂತ ಮುಂದಿತ್ತು, 1994ರಲ್ಲೇ ತಿದ್ದುಪಡಿ ತಂದಿತು, ಆಗಲೇ ಮದುವೆಯಾಗಿ ಹೋದವರನ್ನು ಮಾತ್ರ ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನೂ ಕಿತ್ತಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿದ್ದರೋ ಇಲ್ಲವೋ ಎಂಬ ಪ್ರಶ್ನೆಯೂ ಬೇಡ ಎಂದು ತೀರ್ಮಾನಿಸಿತು. ನಿನ್ನ ತಂಗಿಯ ಸಹಿಯಿಲ್ಲದ ಟ್ರಸ್ಟ್ ಪತ್ರ ಅವಳ ಪಾಲಿಗೆ ಕಾಗದದ ಚೂರು.

ಏನೂ ಮಾಡದೆ ಕೂತರೆ ಏನಾಗುತ್ತದೆ ಎಂದೂ ಹೇಳಿಬಿಡುತ್ತೇನೆ, ನಿಮ್ಮಪ್ಪನಿಗೆ ಇದನ್ನು ಓದಿ ಹೇಳು. ಉಯಿಲಿಲ್ಲದೆ ಅವರಿಗೆ ಏನಾದರೂ ಆದರೆ, ಸ್ವಯಾರ್ಜಿತ ಆಸ್ತಿ ನಾಲ್ಕು ಸಮಪಾಲು. ನಿಮ್ಮಮ್ಮ, ನೀನು, ತಂಗಿ ಎಂದು ಮೂರು ಎಣಿಸಿ ಎಲ್ಲರೂ ನಿಲ್ಲಿಸುತ್ತಾರೆ. ನಾಲ್ಕನೆಯದು ನಿನ್ನ ಅಜ್ಜಿಯದು. ಮಗನ ಆಸ್ತಿಯಲ್ಲಿ ತಾಯಿ ಮೊದಲ ವರ್ಗದ ವಾರಸುದಾರಳು. ತೊಂಬತ್ತು ದಾಟಿದ ಆ ಹಿರಿಜೀವಕ್ಕೆ ಅಪ್ಪನ ಷೇರುಗಳ ಕಾಲು ಭಾಗ ಹೋಗುತ್ತದೆ, ಅವರ ನಂತರ ಅದು ಅವರ ಎಲ್ಲ ಮಕ್ಕಳಿಗೆ ಹಂಚಿಹೋಗುತ್ತದೆ. ಎದುರು ರಸ್ತೆಯಲ್ಲಿ ಇನ್ನೊಂದು ಮಿಲ್ಲು ಹಾಕಿರುವ ನಿನ್ನ ಚಿಕ್ಕಪ್ಪ ನಿಮ್ಮ ಕಂಪನಿಯ ಷೇರುದಾರರಾಗಿ ಬಂದು ಲೆಕ್ಕ ಕೇಳುತ್ತಾರೆ. ನೀನು ಮರೆ ಮಾಡಬೇಕೆಂದಿದ್ದದ್ದು ಮೊದಲು ಅವರಿಂದಲೇ ಅಲ್ಲವೇ?

ನಾಮಿನಿ ಹಾಕಿದ್ದೇವಲ್ಲ ಎನ್ನಬೇಡ. ಷೇರಿನ ನಾಮಿನಿ ಬರೀ ಕೈಯಲ್ಲಿ ಹಿಡಿದುಕೊಳ್ಳುವವನು, ಮಾಲೀಕನಲ್ಲ ಎಂದು 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಟ್ರಸ್ಟಿನ ಜೊತೆಗೆ ಉಯಿಲೂ ಬೇಕು. ಇಬ್ಬರು ಸಾಕ್ಷಿಗಳ ಎದುರು ಸಹಿ, ಸಾಕ್ಷಿಗಳು ಉಯಿಲಿನಿಂದ ಏನೂ ಪಡೆಯದವರಾಗಿದ್ದರೆ ಮಾತು ಬರುವುದಿಲ್ಲ. ನೋಂದಣಿ ಮಾಡಿಸುವುದು ಬಿಡುವುದು ನಿಮ್ಮಿಷ್ಟ. ಮಾಡಿಸಿದರೆ ಅದು ಮೂರನೇ ಪುಸ್ತಕಕ್ಕೆ ಹೋಗುತ್ತದೆ, ಬರೆದವರು ಬದುಕಿರುವ ತನಕ ಅವರಿಗೆ ಅಥವಾ ಅವರ ಪ್ರತಿನಿಧಿಗೆ ಬಿಟ್ಟು ಯಾರಿಗೂ ನಕಲು ಕೊಡುವುದಿಲ್ಲ. ಅವರ ಕಾಲಾನಂತರ ಯಾರು ಅರ್ಜಿ ಹಾಕಿದರೂ ಕೊಡುತ್ತಾರೆ! ಅದಕ್ಕೇ ಉಯಿಲಿನಲ್ಲಿ ಷೇರಿನ ಹಂಚಿಕೆಯ ಪುರಾಣ ಬರೆಯಬಾರದು. ಮನೆ ಇವರಿಗೆ, ತೋಟ ಇವರಿಗೆ, ಕಂಪನಿಯಲ್ಲಿ ನನ್ನ ಹೆಸರಿನಲ್ಲಿ ಇನ್ನೇನಾದರೂ ಉಳಿದಿದ್ದರೆ ಅದೆಲ್ಲ ಇಂಥ ದಿನಾಂಕದ ಟ್ರಸ್ಟಿಗೆ ಎಂದು ಬರೆದರೆ ಸಾಕು. ಇದಕ್ಕಿಂತ ಹೆಚ್ಚಿನ ಮರೆ ಬೇಕಾದರೆ ಉಯಿಲನ್ನು ಲಕೋಟೆಯಲ್ಲಿ ಹಾಕಿ, ಮೊಹರು ಮಾಡಿ ಜಿಲ್ಲಾ ನೋಂದಣಾಧಿಕಾರಿಯಲ್ಲಿ ಠೇವಣಿ ಇಡಬಹುದು. ಒಳಗೇನಿದೆ ಎಂದು ಅವರೂ ನೋಡುವುದಿಲ್ಲ. ಇಂಥ ಸೌಲಭ್ಯ ಇದೆ ಎಂಬುದೇ ನಮ್ಮ ಜನಕ್ಕೆ ಗೊತ್ತಿಲ್ಲ. ಮಂಡಿಯ ಪಾಲುಪತ್ರವನ್ನೂ ಈ ನೆಪದಲ್ಲಿ ತೆಗೆದು ನೋಡು. ಒಬ್ಬ ಪಾಲುದಾರ ತೀರಿಕೊಂಡರೆ ಸಂಸ್ಥೆ ಮುಂದುವರಿಯುತ್ತದೆ ಎಂದು ಅದರಲ್ಲಿ ಬರೆದಿಲ್ಲದಿದ್ದರೆ ಆ ದಿನವೇ ಅದು ವಿಸರ್ಜನೆಯಾದಂತೆ.

ಕೊನೆಯದಾಗಿ, ನನ್ನ ಮನಸ್ಸಿನಲ್ಲಿರುವ ನಿಜವಾದ ಮಾತು. ಊರಿನಿಂದ ಮುಚ್ಚಿಡು ಎಂದು ಇಷ್ಟೆಲ್ಲ ಹೇಳಿದೆ. ಮನೆಯವರಿಂದ ಮುಚ್ಚಿಟ್ಟರೆ ಈ ಪ್ರಯಾಸವೆಲ್ಲ ವ್ಯರ್ಥ, ಏಕೆಂದರೆ ಮನೆಯೊಳಗಿನ ಸಂಶಯ ಕೊನೆಗೆ ಹೋಗಿ ನಿಲ್ಲುವುದು ಕೋರ್ಟಿನಲ್ಲಿ, ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಟ್ರಸ್ಟ್ ಪತ್ರದಲ್ಲಿ ಜಗಳ ಬಂದರೆ ಪಂಚರ ಮುಂದೆ ಗುಟ್ಟಾಗಿ ತೀರಿಸಿಕೊಳ್ಳಬೇಕು ಎಂಬ ಕಲಮು ಹಾಕಿಸುತ್ತೇನೆ ಎಂದು ನೀನು ಹೇಳಬಹುದು. 2016ರಲ್ಲಿ ಸುಪ್ರೀಂ ಕೋರ್ಟ್ ವಿಮಲ್ ಕಿಶೋರ್ ಶಾ ಪ್ರಕರಣದಲ್ಲಿ, ಟ್ರಸ್ಟ್ ಪತ್ರದಿಂದ ಹುಟ್ಟಿದ ಜಗಳಗಳು ಪಂಚಾಯ್ತಿಗೆ ಹೋಗುವಂಥವಲ್ಲ, ಕೋರ್ಟಿಗೇ ಬರಬೇಕು ಎಂದಿತು. ರಾಜಿ ಮಾತುಕತೆಗೆ ಅಡ್ಡಿಯಿಲ್ಲ, ಅಲ್ಲಿ ಆಡಿದ ಮಾತನ್ನು ಗುಟ್ಟಾಗಿ ಇಡಬೇಕು ಎಂಬ ಕಲಮು 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿದೆ. ರಾಜಿಗೆ ಎರಡೂ ಕಡೆಯವರು ಒಪ್ಪಬೇಕಷ್ಟೆ.

ಧೀರೂಭಾಯಿ ಅಂಬಾನಿ 2002ರ ಜುಲೈಯಲ್ಲಿ ಉಯಿಲು ಬರೆಯದೆ ಹೋದರು. ಇಬ್ಬರು ಗಂಡುಮಕ್ಕಳ ನಡುವೆ ಎರಡು ವರ್ಷ ಒಳಗೇ ಕುದಿದ ಜಗಳ 2004ರ ಕೊನೆಗೆ ಪತ್ರಿಕೆಗಳ ಮುಖಪುಟಕ್ಕೆ ಬಂತು. 2005ರ ಜೂನಿನಲ್ಲಿ ತಾಯಿ ಕೋಕಿಲಾಬೆನ್ ರಾಜಿ ಮಾಡಿಸಿದರು. 
ಆ ರಾಜಿಯ ಒಪ್ಪಂದವನ್ನು ಮನೆಯೊಳಗಿನ ಗುಟ್ಟಾಗಿ ಇಟ್ಟರು. ಇಬ್ಬರ ಕಂಪನಿಗಳ ನಡುವಿನ ನೈಸರ್ಗಿಕ ಅನಿಲದ ಬೆಲೆಯ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋದಾಗ, ತಾಯಿ ಮತ್ತು ಇಬ್ಬರು ಮಕ್ಕಳ ನಡುವಿನ ಆ ಕಾಗದ ಷೇರುದಾರರ ಮುಂದೆ ಬಂದೇ ಇಲ್ಲ, ಕಂಪನಿಯನ್ನು ಅದು ಕಟ್ಟಿಹಾಕುವುದಿಲ್ಲ ಎಂದು 2010ರಲ್ಲಿ ತೀರ್ಪು ಬಂತು. ಗುಟ್ಟೂ ಉಳಿಯಲಿಲ್ಲ, ಕಾಗದಕ್ಕೆ ಬೆಲೆಯೂ ಉಳಿಯಲಿಲ್ಲ. ಮನೆಯೊಳಗಿನ ಕರಾರು ಕಂಪನಿಯ ನಿಯಮಾವಳಿಯಲ್ಲಿ ಇಲ್ಲದಿದ್ದರೆ ಕಂಪನಿಯನ್ನು ಬಂಧಿಸದು ಎಂಬುದು 1991ರ ರಂಗರಾಜ್ ಪ್ರಕರಣದಿಂದಲೂ ಇರುವ ಮಾತು. ಆದ್ದರಿಂದ ಷೇರು ಮಾರುವವರು ಮೊದಲು ಮನೆಯವರಿಗೇ ಕೊಡಬೇಕು ಎಂಬಂಥ ನಿಯಮವನ್ನು ನಿಯಮಾವಳಿಯಲ್ಲಿ ಬರೆಸಿಬಿಡು, ಅದನ್ನು ಯಾರು ಓದಿದರೂ ನಷ್ಟವಿಲ್ಲ. ಯಾರಿಗೆಷ್ಟು ಎಂಬುದು ಟ್ರಸ್ಟ್ ಪತ್ರದಲ್ಲಿರಲಿ. ಇದಕ್ಕೆ ಎದುರಾಗಿ, 1897ರಲ್ಲಿ ವ್ಯಾಪಾರ ಶುರುಮಾಡಿದ ಗೋದ್ರೆಜ್ ಮನೆತನ 2024ರ ಏಪ್ರಿಲ್ ಕೊನೆಗೆ ಎರಡಾಯಿತು. ಎಲ್ಲ ಇತ್ಯರ್ಥವಾದ ಮೇಲೆ ಪ್ರಕಟಣೆ ಬಂತು, ಕೋರ್ಟಿನಲ್ಲಿ ಒಬ್ಬರ ಮೇಲೊಬ್ಬರು ಕೆಸರೆರಚಲಿಲ್ಲ. ಅವರಿಗೂ ಭಿನ್ನಾಭಿಪ್ರಾಯ ಇತ್ತು, ಎದುರುಬದುರು ಕೂತು ಮಾತಾಡಿಕೊಂಡರು.

ಫಲಾನುಭವಿ ಲೆಕ್ಕ ಕೇಳಿದರೆ ಟ್ರಸ್ಟಿ ತೋರಿಸಲೇಬೇಕು ಎಂದು 1882ರ ಕಾಯ್ದೆಯ 19ನೇ ಕಲಮು ಹೇಳುತ್ತದೆ. ಎಂದಾದರೂ ಒಂದು ದಿನ ತೋರಿಸಲೇಬೇಕಾದದ್ದನ್ನು ಮೊದಲ ದಿನವೇ ತೋರಿಸಲು ನಿನಗೇನು ಕಷ್ಟ? ನಿಮ್ಮಮ್ಮ ಓದಿದವಳಲ್ಲ, ಅವಳಿಗೇನು ಅರ್ಥವಾಗುತ್ತದೆ ಎನ್ನಬೇಡ. ಅವಳು ನನ್ನ ಅಕ್ಕ. ಮಿಲ್ಲು ಹಾಕುವಾಗ ಅವಳ ಬಳೆ ಅಡವಿಟ್ಟದ್ದು, ಬಿಡಿಸಿದ್ದು, ಬಡ್ಡಿ ಎಷ್ಟಾಯಿತು ಎಂಬುದನ್ನು ಇವತ್ತಿಗೂ ಬಾಯಲ್ಲೇ ಹೇಳುತ್ತಾಳೆ.

ಪತ್ರದ ಕರಡು ಸಿದ್ಧವಾದ ಮೇಲೆ ಸಹಿ ಹಾಕುವ ಮೊದಲು ಅಪ್ಪ, ಅಮ್ಮ, ನೀನು, ನಿನ್ನ ಹೆಂಡತಿ ಒಟ್ಟಿಗೆ ಕೂತು, ತಂಗಿಯನ್ನು ವಿಡಿಯೋ ಕಾಲಿನಲ್ಲಿ ಕರೆದು, ಅದನ್ನು ಪೂರ್ತಿ ಕನ್ನಡದಲ್ಲಿ ಓದಿ ಹೇಳಿಸಿ. ತಂಗಿ ಏನಾದರೂ ಬೇಡ ಎಂದರೆ ಅಲ್ಲೇ ನಿಲ್ಲಿಸಿ, ತಿದ್ದಿಸಿ, ಮತ್ತೆ ಓದಿಸಿ. ನಾನೂ ಬರಬೇಕೆಂದರೆ ಹೇಳು, ಬರುತ್ತೇನೆ. ಅದು ಆಗುವ ತನಕ ಸ್ಟಾಂಪ್ ಪೇಪರ್ ಕೊಳ್ಳಬೇಡ.